ಕಸ ಸಂಗ್ರಹಣೆಯನ್ನು ಮಹಿಳಾ ಒಕ್ಕೂಟಕ್ಕೆ ವಹಿಸಿದರೆ ಖರ್ಚು ಯಾರದು?

ಪ್ರಶ್ನೆ – ಮಲೆನಾಡಿಗ

ನಮ್ಮ ಗ್ರಾಮ ಪಂಚಾಯಿತಿಯು ಮನೆಮನೆಯ ಕಸ ಸಂಗ್ರಹಣೆ ಹಾಗೂ ಒಣ ಕಸದ ವಿಂಗಡಣೆಯನ್ನು ಮಹಿಳಾ ಸ್ವಸಹಾಯ ಸಂಘಗಳ ಕೂಟವಾದ ಸಂಜೀವಿನಿ ಒಕ್ಕೂಟಕ್ಕೆ ವಹಿಸಲು ಹೊರಟಿದೆ. ವಾಹನ ಓಡಿಸುವವರೂ ವಿಂಗಡಿಸುವವರೂ ಊರಿನ ಮಹಿಳೆಯರೇ ಆಗಿರುವುದರಿಂದ ಇದಕ್ಕೆ ನನ್ನ ಸಹಮತವಿದೆ. ಆದರೆ ಆರಂಭದ ಕೆಲವು ತಿಂಗಳು ಮಾತ್ರ ಪಂಚಾಯಿತಿ ಗೌರವಧನ ನೀಡುತ್ತದೆ, ಅನಂತರ ಒಕ್ಕೂಟವು ಗುಜರಿ ಮಾರಾಟ ಮತ್ತು ಮನೆಗಳ ಶುಲ್ಕದಿಂದಲೇ ಘಟಕವನ್ನು ನಡೆಸಿಕೊಳ್ಳಬೇಕು ಎಂದು ಕರಡು ಒಪ್ಪಂದದಲ್ಲಿದೆ. ಇದು ನಡೆಯುವ ಮಾತೇ?

ಉತ್ತರ – ಲೆಕ್ಕಿಗ

ಗುಜರಿ ಮಾರಾಟವನ್ನೇ ನಂಬಿದರೆ ನಡೆಯುವುದಿಲ್ಲ. ರಟ್ಟು, ಕಬ್ಬಿಣ, ಬಾಟಲಿಗಳಂತಹ ಬೆಲೆಬಾಳುವ ವಸ್ತುಗಳನ್ನು ಹೆಚ್ಚಿನ ಮನೆಯವರು ಗುಜರಿಯವರಿಗೆ ತಾವೇ ಮಾರಿಬಿಡುತ್ತಾರೆ. ಪಂಚಾಯಿತಿಯ ವಾಹನಕ್ಕೆ ಬಂದು ಬೀಳುವುದು ಬಹುಪಾಲು ಚಿಪ್ಸ್ ಪೊಟ್ಟಣ, ಶಾಂಪೂ ಸ್ಯಾಷೆ, ಹರಿದ ಚಪ್ಪಲಿ ಮತ್ತು ಡೈಪರ್; ಇವುಗಳಲ್ಲಿ ಪೊಟ್ಟಣಗಳನ್ನು ಸಿಮೆಂಟ್ ಕಾರ್ಖಾನೆಗೆ ಉರುವಲಾಗಿ ಕಳುಹಿಸಬೇಕೆಂದರೂ ಸಾಗಣೆ ವೆಚ್ಚವನ್ನು ಯಾರಾದರೂ ಭರಿಸಲೇಬೇಕು. ಆದಾಯವೇ ಅಳತೆಗೋಲಾದರೆ ಒಕ್ಕೂಟವು ಬೆಲೆಯಿರುವ ಕಸವನ್ನಷ್ಟೇ ಎತ್ತಿ ಉಳಿದದ್ದನ್ನು ಬಿಡುವ ಒತ್ತಡಕ್ಕೆ ಸಿಲುಕುತ್ತದೆ, ಊರು ಸ್ವಚ್ಛವಾಗುವುದಿಲ್ಲ.

ಉತ್ತರ – ನಗರವಾಸಿ

ಬೆಂಗಳೂರಿನ ಅನುಭವವನ್ನು ಇಲ್ಲಿ ನೆನೆಯಬಹುದು. 2011ರಿಂದ ಪಾಲಿಕೆಯು ಚಿಂದಿ ಆಯುವವರಿಗೆ ಗುರುತಿನ ಚೀಟಿ ನೀಡತೊಡಗಿತು. 2012ರಲ್ಲಿ ಮಾವಳ್ಳಿಪುರದ ಕಸದ ಗುಂಡಿ ಮುಚ್ಚಿ ನಗರ ಬಿಕ್ಕಟ್ಟಿಗೆ ಸಿಲುಕಿದ ಮೇಲೆ ಮೂಲದಲ್ಲೇ ವಿಂಗಡಣೆ ಕಡ್ಡಾಯವಾಯಿತು, ವಾರ್ಡ್‌ಗಳ ಒಣ ತ್ಯಾಜ್ಯ ಕೇಂದ್ರಗಳಲ್ಲಿ ಹಲವನ್ನು ಆ ಕಾರ್ಮಿಕರೇ ವಹಿಸಿಕೊಂಡರು. ಅವರ ಹಕ್ಕುಗಳಿಗಾಗಿ ದುಡಿದ ಹಸಿರು ದಳ ಸಂಸ್ಥೆಯ ಬಳಗದಿಂದಲೇ ಹುಟ್ಟಿದ ಸಾಮಾಜಿಕ ಉದ್ಯಮ ಹಸಿರು ದಳ ಇನ್ನೋವೇಶನ್ಸ್, ದೊಡ್ಡ ವಸತಿ ಸಮುಚ್ಚಯಗಳಿಂದ ಸೇವಾ ಶುಲ್ಕ ಪಡೆದು ಕೆಲಸ ಮಾಡುತ್ತದೆ. ಅಲ್ಲಿ ಶುಲ್ಕ ತೆರುವ ಶಕ್ತಿಯುಳ್ಳ ಗ್ರಾಹಕರಿದ್ದಾರೆ. ಚದುರಿದ ಮನೆಗಳ ಮಲೆನಾಡಿಗೆ ಆ ಲೆಕ್ಕವನ್ನು ಹಾಗೆಯೇ ಅನ್ವಯಿಸಲಾಗದು.

ಉತ್ತರ – ಮಾಜಿ ಸದಸ್ಯೆ

ಶುಲ್ಕ ವಸೂಲಿಯ ಹೊಣೆ ಒಕ್ಕೂಟದ ಮೇಲೆ ಬೀಳದಂತೆ ನೋಡಿಕೊಳ್ಳಿ ಎಂಬುದು ನನ್ನ ಮುಖ್ಯ ಸಲಹೆ. ಅದೇ ಬೀದಿಯ ಹೆಣ್ಣುಮಗಳು ಹಣ ಕೊಡದ ನೆಂಟರ ಮನೆಯ ಕಸವನ್ನು ಬಿಟ್ಟುಬರಲು ಸಾಧ್ಯವೇ? ಪಂಚಾಯಿತಿಯೇ ಮನೆ ಕಂದಾಯದೊಂದಿಗೆ ಅದನ್ನು ವಸೂಲಿ ಮಾಡಿ, ಒಪ್ಪಂದದಲ್ಲಿ ನಿಗದಿಯಾದ ಮೊತ್ತವನ್ನು ಪ್ರತಿ ತಿಂಗಳೂ ಒಕ್ಕೂಟದ ಖಾತೆಗೆ ಜಮಾ ಮಾಡಲಿ. ಇದಕ್ಕೆ ಹಣವಿಲ್ಲವೆಂಬ ವಾದವನ್ನು ನಾನು ಸುಲಭವಾಗಿ ಒಪ್ಪಲಾರೆ. ಹದಿನೈದನೇ ಹಣಕಾಸು ಆಯೋಗವು 2021–26ರ ಅವಧಿಗೆ ಪಂಚಾಯಿತಿ ಅನುದಾನದ ಶೇ 60ರಷ್ಟನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಿಟ್ಟಿತ್ತು. ಕೆಲಸವನ್ನು ಯಾರಿಗೇ ವಹಿಸಿದರೂ ನೈರ್ಮಲ್ಯದ ಹೊಣೆ ಪಂಚಾಯಿತಿಯದೇ.

ವಾಹನದ ದುರಸ್ತಿ, ವಿಮೆ, ಕೈಗವಸು, ಗಾಡಿ ಕೆಟ್ಟ ದಿನದ ಕೂಲಿ ಇವು ಯಾರ ಪಾಲಿನವು ಎಂಬುದು ಕರಡಿನಲ್ಲಿದೆಯೇ? ಇಲ್ಲದಿದ್ದರೆ ಸಹಿಗೆ ಮುನ್ನವೇ ಗ್ರಾಮಸಭೆಯಲ್ಲಿ ಕೇಳಿ ಬರೆಸಿಕೊಳ್ಳಿ.