ಒಂದೂವರೆ ಗಂಟೆ ಕೂರುತ್ತಾನೆ, ತಲೆಗೆ ಮಾತ್ರ ಹತ್ತಲ್ಲ

ಪ್ರಶ್ನೆ
ಮಗ ಐದನೇ ಕ್ಲಾಸ್. ಸಂಜೆ ಆರೂವರೆಗೆ ಕೂತರೆ ಎಂಟರವರೆಗೂ ಪುಸ್ತಕ ಎದುರಿಗೇ ಇರುತ್ತದೆ. ನಡುವೆ ನಾಲ್ಕು ಸಲ ನೀರು, ಎರಡು ಸಲ ಬಾತ್‌ರೂಮ್, ಆಮೇಲೆ ಪೆನ್ಸಿಲ್ ಚೂಪು ಮಾಡುವ ಮಹಾಕಾರ್ಯ. ಮೊನ್ನೆ ಗಿಡಗಳ ಪಾಠ ಮೂರು ಸಲ ಓದಿ "ಆಯ್ತಮ್ಮ" ಅಂದ. ಪುಸ್ತಕ ಮುಚ್ಚಿ, ಎಲೆ ಆಹಾರ ಹೇಗೆ ಮಾಡಿಕೊಳ್ಳುತ್ತೆ ಅಂತ ಕೇಳಿದೆ. "ಅದರ ಚಿತ್ರ ಎಡಗಡೆ ಪುಟದಲ್ಲಿದೆ" ಅಂದ! ನಾನು ಪಕ್ಕದಲ್ಲಿದ್ದರೆ ಓದು, ಎದ್ದರೆ ಬಂದ್. ಟ್ಯೂಷನ್‌ಗೆ ಹಾಕಲು ಮನಸ್ಸಿಲ್ಲ. ಏನು ಮಾಡಲಿ?

ಉತ್ತರ 1
ಪಕ್ಕದಲ್ಲಿ ಕೂತಾಗ ನಿಮ್ಮ ಕೈಯಲ್ಲಿ ಫೋನ್ ಇರುತ್ತಾ? ಬೇಜಾರಾಗಬೇಡಿ, ನಮ್ಮ ಮನೆಯಲ್ಲಿ ತಪ್ಪು ನನ್ನದೇ ಇತ್ತು. ನೀರಿನ ಬಾಟಲಿ, ಚೂಪು ಮಾಡಿದ ಎರಡು ಪೆನ್ಸಿಲ್ ಮೊದಲೇ ಮೇಜಿನ ಮೇಲಿಡಿ. ಏಳುವುದಕ್ಕೆ ನೆಪ ಕಡಿಮೆಯಾಗುತ್ತದೆ.

ಉತ್ತರ 2
ನಿಮ್ಮ ಮಗ ಸೋಮಾರಿ ಅಲ್ಲ ಕಣ್ರೀ. ಮೂರು ಸಲ ಓದಿದರೆ ಪುಟ ಕಣ್ಣಿಗೆ ಪರಿಚಯವಾಗುತ್ತದೆ, ಅದಕ್ಕೇ ಎಲ್ಲಾ ಬರುತ್ತೆ ಅನ್ನಿಸುತ್ತದೆ. ದೊಡ್ಡವರೂ ಇದರಲ್ಲಿ ಮೋಸ ಹೋಗುತ್ತಾರೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಮನಃಶಾಸ್ತ್ರಜ್ಞರು ಕಾಲೇಜು ವಿದ್ಯಾರ್ಥಿಗಳನ್ನು ಹೀಗೇ ಪರೀಕ್ಷಿಸಿದ್ದರು. 5 ನಿಮಿಷದ ನಂತರ ಕೇಳಿದಾಗ, ಮತ್ತೆ ಮತ್ತೆ ಓದಿದವರೇ ಮುಂದೆ. ಒಂದು ವಾರ ಬಿಟ್ಟು ಕೇಳಿದಾಗ, ಪಾಠ ನೋಡದೆ ನೆನಪಿಸಿಕೊಂಡು ಬರೆದಿದ್ದವರು ಮುಂದೆ.

ನನ್ನ ಮಗಳಿಗೆ ನಾನು ಮಾಡಿದ್ದು ಇಷ್ಟೇ. ಒಂದು ಪುಟ ಓದು, ಪುಸ್ತಕ ಮುಚ್ಚು, ನೆನಪಿದ್ದಷ್ಟು ರಫ್ ಹಾಳೆಯಲ್ಲಿ ಗೀಚು. ಆಮೇಲೆ ಪುಸ್ತಕ ತೆರೆದು, ಬಿಟ್ಟು ಹೋಗಿದ್ದನ್ನು ಕೆಂಪು ಪೆನ್ನಲ್ಲಿ ಸೇರಿಸು. ಮಾರನೇ ದಿನ ಕೂತ ತಕ್ಷಣ, ನಿನ್ನೆಯ ಕೆಂಪು ಅಕ್ಷರಗಳನ್ನಷ್ಟೇ ನೋಡದೆ ಹೇಳಬೇಕು. 20 ನಿಮಿಷ ಸಾಕು, ಒಂದೂವರೆ ಗಂಟೆ ಸುಮ್ನೆ ಶಿಕ್ಷೆ. ಮೊದಲ ವಾರ ಹಾಳೆ ಪೂರ್ತಿ ಕೆಂಪು. ಅವಳು ಅತ್ತಳು, ನಾನೂ ರೇಗಿದೆ. ರೇಗಬಾರದಿತ್ತು. ಕೆಂಪು ಅಂದರೆ ತಪ್ಪಲ್ಲ, ನಾಳೆಯ ಕೆಲಸ ಅಂತ ಮೊದಲೇ ಹೇಳಿಬಿಡಿ.

ಪ್ರಶ್ನೆ ಕೇಳಿದವರು
ನಾಲ್ಕು ದಿನ ಆಯ್ತು. ಅದೇ ಗಿಡಗಳ ಪಾಠ. ಮೊದಲ ದಿನ "ಪತ್ರಹರಿತ್ತು" (ಎಲೆಗೆ ಹಸಿರು ಬಣ್ಣ ಕೊಡುವ ವಸ್ತು) ಕೆಂಪಲ್ಲಿತ್ತು, ಮಾರನೇ ದಿನ ತಾನೇ ಹೇಳಿದ. ನೀರಿಗೆ ಇನ್ನೂ ಏಳುತ್ತಾನೆ, ಬಾಟಲಿ ಪಕ್ಕದಲ್ಲೇ ಇದ್ದರೂ! ನಿನ್ನೆ ಪುಸ್ತಕ ಮುಚ್ಚಿ ನನ್ನ ಕಡೆ ತಿರುಗಿ, "ಈಗ ನೀನು ಹೇಳು" ಅಂದ. ಎಲೆಯೊಳಗೆ ಗಾಳಿ ಹೋಗುವ ಸಣ್ಣ ತೂತಿಗೆ ಏನಂತಾರೆ ಅನ್ನೋದು ನನಗೆ ಬರಲಿಲ್ಲ. ಪತ್ರರಂಧ್ರವಂತೆ. ಕೆಂಪು ಪೆನ್ನು ತಂದು ನನ್ನ ಕೈಗಿಟ್ಟ.