ಗದಗಿನ್ಯಾಗ ಇದ್ಕೊಂಡು ಲಕ್ಷುರಿ ಎಲೆಕ್ಟ್ರಿಕ್ ಕಾರು ತಗೊಂಡ್ರ ನಡಿತೈತೇನ್ರಿ? ಓಡಿಸಿದವರು ಹೇಳ್ರಿ

ಬೆಟಗೇರಿ_ಪ್ರೆಸ್:

ಎಲ್ಲಾರಿಗೂ ನಮಸ್ಕಾರ್ರಿ. ಗದಗ-ಬೆಟಗೇರ್ಯಾಗ ನಮ್ದು ಪ್ರಿಂಟಿಂಗ್ ಪ್ರೆಸ್ ಐತಿ. ವಾರಕ್ಕ ಮೂರು ಸಲ ಹುಬ್ಬಳ್ಳಿ, ತಿಂಗಳಿಗೆ ಒಂದೆರಡು ಸಲ ಬೆಂಗಳೂರು ತಪ್ಪಂಗಿಲ್ಲ. ಈಗಿರೋ ಡೀಸೆಲ್ ಗಾಡಿಗೆ ಒಂಬತ್ತು ವರ್ಷ ಆತು, ಅದನ್ನ ಕೊಟ್ಟು ಎಲೆಕ್ಟ್ರಿಕ್ ತಗೋಬೇಕಂತ ಮನಸ್ಸೈತಿ. ಎರಡು ಗಾಡಿ ನೋಡೇನಿ, ಒಂದು ಎರಡು ವರ್ಷ ಓಡಿದ ಸೆಕೆಂಡ್ ಹ್ಯಾಂಡ್ ಕಿಯಾ ಇವಿ6, 77.4 ಕಿಲೋವ್ಯಾಟ್ ಅವರ್ ಬ್ಯಾಟರಿದು, ಇನ್ನೊಂದು ಹೊಸಾ ಬಿಎಂಡಬ್ಲ್ಯೂ ಐ4. ಪೇಪರ್ ಮ್ಯಾಲ ಒಂದು ಸಲ ಪೂರ್ತಿ ಚಾರ್ಜ್ ಮಾಡಿದ್ರ ಇವಿ6 ಗೆ ಎಆರ್‌ಎಐ (ನಮ್ಮ ದೇಶದ ಟೆಸ್ಟ್) ಲೆಕ್ಕದಾಗ 708 ಕಿಲೋಮೀಟರ್ ಅಂತಾರ, ಐ4 ಗೆ ಡಬ್ಲ್ಯೂಎಲ್‌ಟಿಪಿ (ಯುರೋಪಿನ ಕಡೆ ಟೆಸ್ಟ್) ಲೆಕ್ಕದಾಗ 590. ಆದ್ರ ಹುಬ್ಬಳ್ಳಿ ದಾಟಿ ಬೆಂಗಳೂರಿಗೆ ಹೋಗುವಾಗ ಖರೇನ ಎಷ್ಟು ಬರ್ತೈತಿ, ಚಾರ್ಜಿಂಗ್ ತ್ರಾಸ ಎಷ್ಟೈತಿ ಅನ್ನೂದು ಓಡಿಸಿದವರ ಬಾಯಿಂದ ಕೇಳಬೇಕು. ಇನ್ನೊಂದು ಮಾತ್ರಿ, ನಮ್ಮ ಅಪ್ಪಾರಿಗೆ 74, ಮೊಣಕಾಲ ನೋವೈತಿ, ಹಿಂದಿನ ಸೀಟಿನ್ಯಾಗ ಕುಂದ್ರೂದು ಅವರ. ಮನ್ಯಾಗ ಸಿಂಗಲ್ ಫೇಸ್ ಲೈನ್ ಐತಿ, ಅಂಗಳದಾಗ ಗಾಡಿ ನಿಲ್ಲಸಾಕ ಜಾಗಾ ಐತಿ.

ವಿದ್ಯಾನಗರ_ಇವಿ:

ಅಣ್ಣಾರ, ನಂದು ಅದ 77.4 ರ ಇವಿ6, ಹುಬ್ಬಳ್ಳಿಯೊಳಗ ಎರಡೂವರಿ ವರ್ಷ, 41,000 ಕಿಮೀ ಆತು. 708 ಮರತುಬಿಡ್ರಿ. ತಾಸಿಗೆ ಎಂಬತ್ತು-ತೊಂಬತ್ತರ ಸ್ಪೀಡಿನ್ಯಾಗ ಸಮಾಧಾನದಿಂದ ಹೊಂಟ್ರ ಒಂದು ಯೂನಿಟ್ಟಿಗೆ (ಒಂದು ಕಿಲೋವ್ಯಾಟ್ ಅವರ್‌ಗೆ) ಆರು ಕಿಮೀ ಹತ್ರ ಬರ್ತೈತಿ, ನೂರಾಹತ್ತು-ನೂರಾಇಪ್ಪತ್ತು ಹೊಡದ್ರ ನಾಕೂವರಿಗೆ ಇಳೀತೈತಿ. ಅಂದ್ರ ಪೂರ್ತಿ ತುಂಬಿದ್ರ 350 ರಿಂದ 450 ರ ನಡುವ ಹಿಡೀರಿ. ಹುಬ್ಬಳ್ಳಿಯಿಂದ ಬೆಂಗಳೂರು 410 ರ ಆಸುಪಾಸು, ನಿಮಗ ಗದಗಿಂದ ಬರೂದು 60 ಕೂಡತೈತಿ, ಹಂಗಾಗಿ ದಾರ್ಯಾಗ ಒಂದು ಸಲ ಹಾಕ್ಕೋಬೇಕಾಗತೈತಿ, ಅದರಾಗ ಎರಡು ಮಾತಿಲ್ಲ. ನಾ ದಾವಣಗೆರ್ಯಾಗ ಬೆಣ್ಣಿ ದ್ವಾಸಿ ತಿನ್ನೂದ್ರಾಗ ಹಾಕ್ಕೊಂಡುಬಿಡ್ತೀನಿ.

ಆದ್ರ ಒಂದು ತಿಳಕೋರ್ರಿ. 18 ನಿಮಿಷದಾಗ ಹತ್ತರಿಂದ ಎಂಬತ್ತು ಪರ್ಸೆಂಟ್ ಚಾರ್ಜ್ ಅಂತಾರಲ್ಲ, ಅದು 350 ಕಿಲೋವ್ಯಾಟ್ ಮಷೀನ್ ಸಿಕ್ಕಾಗಿನ ಮಾತು. ನಮ್ಮ ಹೈವೇದಾಗ ನನಗ ಹೆಚ್ಚಾಗಿ ಸಿಗೂದು 60 ರದ್ದು, ಅದರಾಗ ಒಂದು ತಾಸು ಬೇಕು. ಅಷ್ಟ ಅಲ್ಲ, ಒಂದ ಮಷೀನಿಗೆ ಎರಡು ಗನ್ (ಗಾಡಿಗೆ ಚುಚ್ಚೂ ಪ್ಲಗ್) ಇರ್ತಾವ, ನೀವು ಹಾಕ್ಕೊಂಡು ನಾಷ್ಟಾಕ್ಕ ಕುಂತಿರ್ತೀರಿ, ಬಾಜೂಕ ಇನ್ನೊಬ್ಬಾಂವ ಬಂದು ಎರಡನೇ ಗನ್ ಚುಚ್ಚಿದ ಕೂಡ್ಲೆ ನಿಮ್ದು 30 ಕ್ಕ ಬೀಳ್ತೈತಿ. ಹೋದ ಎಪ್ರಿಲ್‌ದಾಗ ಹಿಂಗ ಆಗಿ, ಒಂದು ತಾಸಿಂದು ಹತ್ತತ್ರ ಎರಡು ತಾಸು ಹಿಡೀತು, ಮಗಳ ಪರೀಕ್ಷಾಕ್ಕ ಬೆಂಗಳೂರಿಗೆ ಮುಟ್ಟಬೇಕಾಗಿತ್ತು, ಕೈಕಾಲು ಆಡಲಾರ್ದಂಗ ಆಗಿತ್ತು. ಅದಕ್ಕ ಈಗ ಹೆಂಗ ಮಾಡ್ತೀನಂದ್ರ, ಬ್ಯಾಟರಿ 35 ಪರ್ಸೆಂಟ್ ಇರೂದ್ರಾಗ ಮೊದಲನೇ ಚಾರ್ಜರ್ ಹತ್ರ ಇರ್ತೀನಿ, ಅದು ಕೆಟ್ಟಿದ್ರ ಮುಂದಿನದಕ್ಕ ಹೋಗಾಕ ತಾಕತ್ತು ಉಳೀಬೇಕು. ಮೂರು ಚಾರ್ಜಿಂಗ್ ಕಂಪನಿ ಆ್ಯಪ್ ಹಾಕ್ಕೊಂಡು, ಒಂದೊಂದ್ರಾಗ ಐದುನೂರು ರೂಪಾಯಿ ಮೊದಲ ತುಂಬಿಟ್ಟಿರ್ರಿ, ನಟ್ಟನಡು ರಾತ್ರ್ಯಾಗ ನೆಟ್‌ವರ್ಕ್ ಇಲ್ಲದ ಕಡೆ ಓಟಿಪಿ ಕಾಯೂ ಪಾಡು ಬ್ಯಾಡ.

ಗದಗ ರಸ್ತಾದ ಬಗ್ಗೆ ಒಂದು ಹೇಳ್ತೀನಿ, ಇದನ್ನ ಶೋರೂಮ್‌ನವರು ಹೇಳಂಗಿಲ್ಲ. ಆಷಾಢದಾಗ ಪಡುವಣ ಗಾಳಿ ಬೀಸ್ತೈತಲ್ರಿ, ನಿಮ್ಮೂರ ಗುಡ್ಡದ ಮ್ಯಾಲಿನ ಗಾಳಿಕಂಬ ಗಿರಗಿರ ತಿರಗೂ ಕಾಲ, ಆಗ ಗದಗಿಂದ ಹುಬ್ಬಳ್ಳಿಗೆ ಬರುವಾಗ ಗಾಳಿ ಎದುರಿಗೆ. ಹೋಗುವಾಗ 11 ಪರ್ಸೆಂಟ್ ಖರ್ಚಾದ ದಾರಿಗೆ ಬರುವಾಗ 16 ಹೋಗಿದ್ದು ನಾನ ನೋಡೇನಿ. ಡೀಸೆಲ್ ಗಾಡ್ಯಾಗ ಇದು ಗೊತ್ತ ಆಗಂಗಿಲ್ಲ, ಇದರಾಗ ಪರದಾ ಮ್ಯಾಲ ಕಾಣತೈತಿ.

ಆದ್ರೂ ಹೇಳ್ತೀನಿ, ಮತ್ತ ಡೀಸೆಲ್‌ಗೆ ನಾ ಹೋಗಂಗಿಲ್ಲ. ಹಾವೇರಿ ದಾಟಿದ ಮ್ಯಾಲ ಲಾರಿ ಓವರ್‌ಟೇಕ್ ಮಾಡೂದಿರಲಿ, ಬೆಳಿಗ್ಗೆ ಐದಕ್ಕ ಓಣ್ಯಾಗಿಂದ ಗಾಡಿ ತೆಗೆದ್ರ ಯಾರಿಗೂ ಎಚ್ಚರ ಆಗಲಾರ್ದಂಗ ಹೊಂಡೂದಿರಲಿ, ಆ ಸುಖ ಒಮ್ಮೆ ಮೈಗೆ ಹತ್ತಿದ್ರ ಬಿಡಂಗಿಲ್ಲ.

ಸಾಧನಕೇರಿ_ಅಕ್ಕ:

ನಿಮ್ಮ ತಂದೆಯವರ ಸಲುವಾಗಿ ಬರೀಲಿಕ್ಕೆ ಹತ್ತೇನಿ. ನನ್ನ ಅತ್ತೆಯವರಿಗೆ 78, ನಮ್ದು ಒಂದು ಜರ್ಮನ್ ಎಲೆಕ್ಟ್ರಿಕ್ ಎಸ್‌ಯುವಿ. ಮೊದಲನೇ ವಾರ ಧಾರವಾಡದಿಂದ ಹುಬ್ಬಳ್ಳಿಗೆ ಹೋಗೂದ್ರಾಗ ಅವರಿಗೆ ತಲಿ ತಿರುಗಿ ವಾಂತಿ ಬಂದಂಗ ಆಗಿತ್ತು. ಗಾಡಿ ಕೆಟ್ಟದ ಅಂತ ತಿಳ್ಕೊಂಡೆ, ಕೆಟ್ಟಿದ್ದಿಲ್ಲ. ಕಾಲು ತೆಗೆದ ಕೂಡ್ಲೆ ಗಾಡಿ ತಾನ ಬ್ರೇಕ್ ಹಿಡಿದಂಗ ನಿಧಾನ ಆಗ್ತದಲ್ಲ, ರೀಜನ್ ಅಂತಾರ, ಅದನ್ನ ನಮ್ಮ ಮನೆಯವರು ಪೂರ್ತಿ ಏರಿಸಿ ಇಟ್ಟಿದ್ದರು. ಓಡಸೋರಿಗೆ ಮಜಾ, ಹಿಂದ ಕೂತವರಿಗೆ ತೊಟ್ಟಿಲ ತೂಗಿದಂಗ. ಈಗ ಅತ್ತೆಯವರು ಇದ್ದಾಗ ಎಲ್ಲಕ್ಕಿಂತ ಕೆಳಗಿನ ಲೆವೆಲ್‌ಗೆ ಇಡ್ತೀವಿ, ನಿದ್ದಿ ಮಾಡ್ತಾರ.

ಇನ್ನೊಂದು, ಬ್ಯಾಟರಿ ನೆಲದಾಗ ಇರೋದ್ರಿಂದ ಈ ಗಾಡಿಗಳೊಳಗ ನೆಲ ಎತ್ತರ ಆಗಿ ಹಿಂದ ಕೂತವರ ಮೊಣಕಾಲು ಮ್ಯಾಲ ಏಳ್ತಾವ, ತೊಡಿಗೆ ಆಧಾರ ಸಿಗೂದಿಲ್ಲ. ಟೆಸ್ಟ್ ಡ್ರೈವ್‌ಗೆ ನೀವೊಬ್ಬರ ಹೋಗಬ್ಯಾಡ್ರಿ, ಅಪ್ಪಾವರನ್ನ ಕರ್ಕೊಂಡು ಹೋಗಿ ಅರ್ಧಾ ತಾಸು ಹಿಂದ ಕೂಡಸ್ರಿ. ಐ4 ತಗ್ಗು ಗಾಡಿ, ಇಳೀಬೇಕಾದ್ರ ನೆಲದಿಂದ ಎದ್ದಂಗ ಏಳಬೇಕು, ಮೊಣಕಾಲ ನೋವಿನವರಿಗೆ ಅದು ಸಣ್ಣ ಮಾತಲ್ಲ.

ಘಾಟ್ ಬಗ್ಗೆ ಯಾರೂ ಕೇಳಿಲ್ಲ ಆದ್ರೂ ಹೇಳ್ತೀನಿ. ಗೋಕರ್ಣಕ್ಕ ಹೋಗುವಾಗ ಯಲ್ಲಾಪುರ ದಾಟಿ ಅರಬೈಲ್ ಘಾಟ್ ಇಳಿಯೂದ್ರಾಗ ಬ್ಯಾಟರಿ 52 ಇದ್ದದ್ದು 54 ಆಗಿತ್ತು, ಮಕ್ಕಳು ಚಪ್ಪಾಳೆ ಹೊಡೆದರು. ತಿರುಗಿ ಬರುವಾಗ ಅದ ಘಾಟ್ ಏರೂದ್ರಾಗ ಏಳು ಹೋಯ್ತು. ಹಂಗಾಗಿ ಕೆಳಗ ಅಂಕೋಲಾದ ಕಡೆ ತುಂಬಿಸಿಕೊಂಡ ಏರ್ರಿ.

ಮತ್ತ ಸ್ಟೆಪ್ನಿ ವಿಚಾರ. ನಮ್ಮ ಗಾಡಿಯೊಳಗ ಇಲ್ಲ, ಪಂಕ್ಚರ್ ಕಿಟ್ ಒಂದ ಅದ. ಟೈರಿನ ಮಗ್ಗಲು ಹರಿದರೆ ಆ ಕಿಟ್ ನಡಿಯೂದಿಲ್ಲ. ಕಲಘಟಗಿ ಹತ್ರ ಹಂಗ ಆಗಿ ಸಂಜಿ ಆರರಿಂದ ರಾತ್ರಿ ಹನ್ನೊಂದರ ತನಕ ಕ್ರೇನ್ ಗಾಡಿ ಕಾಯ್ದೀವಿ, ಆ ಸೈಜಿನ ಟೈರು ಹುಬ್ಬಳ್ಳಿಯೊಳಗ ಸಿಗಲಿಲ್ಲ, ತರಸಲಿಕ್ಕೆ ನಾಕು ದಿನ ಆಯ್ತು. ತಗೊಳ್ಳೂದಕ್ಕಿಂತ ಮೊದಲ ಟೈರಿನ ಸೈಜ್ ಬರ್ಕೊಂಡು ಹೋಗಿ ಟೈರ್ ಅಂಗಡ್ಯಾಗ ಕೇಳ್ರಿ.

ರಾಣೇಬೆನ್ನೂರ_ವೈರಿಂಗ್:

ನಂದು ಕಾರಿಲ್ರಿ, ನಾ ಎಲೆಕ್ಟ್ರಿಕಲ್ ಕಾಂಟ್ರಾಕ್ಟರ್. ಹಾವೇರಿ, ಬ್ಯಾಡಗಿ, ರಾಣೇಬೆನ್ನೂರ ಕಡೆ ಮನೀಗೆ ಚಾರ್ಜರ್ ಹಾಕಿ ಕೊಡ್ತೀನಿ. ಯಜಮಾನ್ರ, ನೀವು ಗಾಡಿ ಚಿಂತಿ ಮಾಡಾಕತ್ತೀರಿ, ಮೊದಲ ಮನಿ ಚಿಂತಿ ಮಾಡ್ರಿ. ಸಾದಾ 15 ಆಂಪಿಯರ್ ಪ್ಲಗ್ಗಿನ್ಯಾಗ ತಾಸಿಗೆ ಮೂರು ಯೂನಿಟ್ ಹೋಗತೈತಿ, 20 ರಿಂದ 80 ಪರ್ಸೆಂಟ್ ಆಗಾಕ ಹದಿನೈದು ತಾಸು ಹಿಡೀತೈತಿ. 7.2 ಕಿಲೋವ್ಯಾಟ್ ವಾಲ್ ಬಾಕ್ಸ್ (ಗೋಡಿಗೆ ಕೂಡಿಸೂ ಚಾರ್ಜರ್) ಹಾಕಿದ್ರ ಏಳು ತಾಸಿನ್ಯಾಗ ಮುಗೀತೈತಿ, ರಾತ್ರಿ ಊಟಾ ಮಾಡಿ ಹಾಕಿದ್ರ ಮುಂಜಾನಿ ರೆಡಿ. ಅದು ಸಿಂಗಲ್ ಫೇಸ್ ಮ್ಯಾಲನ ನಡಿತೈತಿ, 32 ಆಂಪಿಯರ್ ಎಳೀತೈತಿ. ಆದ್ರ ನಿಮ್ಮ ಮಂಜೂರಾತಿ ಲೋಡ್ (ಕರೆಂಟ್ ಆಫೀಸಿನವರು ಮನೀಗೆ ಒಪ್ಪಿದ ಮಿತಿ) ಮೂರು ಕಿಲೋವ್ಯಾಟ್ ಇದ್ರ ಅದರ ಮ್ಯಾಲ ಹಾಕಬ್ಯಾಡ್ರಿ, ಲೋಡ್ ಏರಿಸಿಕೊಂಡ ಹಾಕಸ್ರಿ. ಆದ್ರ ತ್ರೀ ಫೇಸ್ ಮಾಡಿಸಿಬಿಟ್ರ ಇನ್ನೂ ಛಲೋ, ಮನ್ಯಾಗ ಎಸಿ, ಪಂಪು ಕೂಡೇ ಓಡಿದ್ರೂ ವೋಲ್ಟೇಜ್ ಬೀಳಂಗಿಲ್ಲ.

ಇನ್ನ ಅರ್ಥಿಂಗ್. ಇದ ದೊಡ್ಡ ಮಾತು. ಈ ಚಾರ್ಜರ್ ಅರ್ಥಿಂಗ್ ಸರಿ ಇಲ್ಲಂದ್ರ ಚಾಲೂನ ಆಗಂಗಿಲ್ಲ. ನಮ್ಮ ಕಡೆ ಎರಿಮಣ್ಣು, ಮಳಿಗಾಲದಾಗ ಹಸೀ ಇದ್ದು ಕರೆಂಟನ್ನ ಚಂದ ಹೀರ್ಕೋತೈತಿ, ಬ್ಯಾಸಿಗ್ಯಾಗ ಕೈ ಹೋಗುವಷ್ಟು ಬಿರುಕು ಬಿಟ್ಟು ಪೈಪಿನ ಸುತ್ತ ಮಣ್ಣ ಹಿಡಿಯಂಗಿಲ್ಲ. ಬ್ಯಾಡಗ್ಯಾಗ ಒಬ್ಬರು ಮಾರ್ಚ್‌ದಾಗ ಫೋನ್ ಮಾಡಿ ಗಾಡಿ ಕೆಟ್ಟೈತಿ, ಚಾರ್ಜ್ ತಗೊಳ್ಳಂಗಿಲ್ಲ ಅಂದ್ರು. ಹೋಗಿ ಮೀಟರ್ ಹಚ್ಚಿ ನೋಡಿದ್ರ ನ್ಯೂಟ್ರಲ್ಲಿಗೂ ಅರ್ಥಿಂಗಿಗೂ ನಡುವ 14 ವೋಲ್ಟ್. ಹಳೇ ಅರ್ಥಿಂಗ್ ಗುಣಿಗೆ ಐದು ಕೊಡ ನೀರು ಹಾಕಿಸಿದೆ, ಅರ್ಧಾ ತಾಸಿನ್ಯಾಗ ಗಾಡಿ ಚಾರ್ಜ್ ಆಗಾಕ ಹತ್ತಿತು. ಆಮ್ಯಾಗ ಬ್ಯಾರೆ ಗುಣಿ ತಗದು, ತಾಮ್ರದ ಪ್ಲೇಟ್ ಇಟ್ಟು, ಇದ್ದಲಿ-ಉಪ್ಪು ತುಂಬಿ ಕೊಟ್ಟೆ, ಈಗ ಎರಡು ವೋಲ್ಟಿನ ಮ್ಯಾಲ ಹೋಗಂಗಿಲ್ಲ.

ಹೊಲದ ಪಂಪ್‌ಸೆಟ್ ಲೈನಿನ್ಯಾಗ ಯಾರೂ ಗಾಡಿ ಹಾಕಬ್ಯಾಡ್ರಿ, ಅದು ತಪ್ಪೂ ಹೌದು, ಆ ಲೈನಿನ ವೋಲ್ಟೇಜ್ ಏರಿಳಿತಕ್ಕ ಚಾರ್ಜರ್ ಸುಟ್ರ ಯಾರೂ ವಾರಂಟಿ ಕೊಡಂಗಿಲ್ಲ.

ವಿದ್ಯಾನಗರ_ಇವಿ:

ಟ್ಯಾಕ್ಸ್ ಲೆಕ್ಕ ಹೇಳೂದು ಉಳೀತು. ಮೊದಲ ನಮ್ಮ ರಾಜ್ಯದಾಗ ಎಲೆಕ್ಟ್ರಿಕ್ ಗಾಡಿಗೆ ರೋಡ್ ಟ್ಯಾಕ್ಸ್ ಇರಲಿಲ್ಲ, 2024 ರಾಗ 25 ಲಕ್ಷದ ಮ್ಯಾಲಿನ ಗಾಡಿಗೆ 10 ಪರ್ಸೆಂಟ್ ಬಂತು. ಹೊಸಾ ಐ4 ಲೆಕ್ಕ ಹಾಕುವಾಗ ಇದನ್ನ ಹಿಡ್ಕೋರಿ. ಸೆಕೆಂಡ್ ಹ್ಯಾಂಡ್ ತಗೊಂಡ್ರ ಸರ್ವಿಸ್ ಸೆಂಟರ್‌ನಾಗ ಬ್ಯಾಟರಿ ಹೆಲ್ತ್ ರಿಪೋರ್ಟ್ ತೆಗಸ್ರಿ, ಬ್ಯಾಟರಿಗೆ 8 ವರ್ಷ ಇಲ್ಲಾ 1,60,000 ಕಿಮೀ ವಾರಂಟಿ ಐತಿ, ನಿಮ್ಮ ಹೆಸರಿಗೆ ವರ್ಗ ಆಗಿದ್ದು ಕಾಗದದಾಗ ಇಸ್ಕೋರಿ. ಮತ್ತ ಇವಿ6 ನೆಲದಿಂದ 178 ಮಿಲಿಮೀಟರ್ ಎತ್ತರ ಐತಿ, ಐ4 125. ಹಳ್ಳಿ ಹಂಪು ದಾಟೂ ನಿಮಗ ಈ ಐವತ್ತು ಮಿಲಿಮೀಟರ್ ಭಾಳ ದೊಡ್ಡದು.

ಬೆಟಗೇರಿ_ಪ್ರೆಸ್:

ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ಅಕ್ಕಾರು ಹೇಳಿದಂಗ ರವಿವಾರ ಅಪ್ಪಾರನ್ನ ಕರ್ಕೊಂಡು ಹೋಗಿದ್ದೆ. ಐ4 ರಾಗಿಂದ ಇಳಿಯಾಕ ನನ್ನ ಕೈ ಹಿಡೀಬೇಕಾತು. ಇವಿ6 ರಾಗ ತಾವ ಇಳದ್ರು, ಆದ್ರ ತೊಡಿ ಎತ್ತಿ ನಿಂದರತಾವ ಅಂದ್ರು, ಒಂದು ಸಣ್ಣ ದಿಂಬು ಕೊಟ್ಟ ಮ್ಯಾಲ ಸಮ ಆತು. ಹಂಗಾಗಿ ಇವಿ6 ಅಂತ ಗಟ್ಟಿ ಮಾಡೇನಿ. ಮನಿ ಲೋಡ್ ನೋಡಿದ್ರ ಮೂರ ಕಿಲೋವ್ಯಾಟ್ ಐತಿ, ತ್ರೀ ಫೇಸ್‌ಗೆ ಹೆಸ್ಕಾಂ ಆಫೀಸಿಗೆ ಅರ್ಜಿ ಕೊಡ್ತೀನಿ. ರಾಣೇಬೆನ್ನೂರ ಅಣ್ಣಾರ, ಹಿತ್ತಲದಾಗ ಬಚ್ಚಲ ನೀರು ಹರಿಯೂ ಕಡೆ ನೆಲ ಯಾವಾಗ್ಲೂ ಹಸೀ ಇರ್ತೈತಿ, ಅರ್ಥಿಂಗ್ ಗುಣಿ ಅಲ್ಲೇ ತೆಗೆದ್ರ ನಡಿತೈತೇನ್ರಿ?

ರಾಣೇಬೆನ್ನೂರ_ವೈರಿಂಗ್:

ಅದಕ್ಕಿಂತ ಛಲೋ ಜಾಗಾ ಇಲ್ರಿ. ಗೋಡಿಯಿಂದ ಐದು ಫೂಟು ದೂರ ಬಿಟ್ಟು ತಗಸ್ರಿ, ಮ್ಯಾಲ ಮುಚ್ಚಳ ಹಾಕಸ್ರಿ, ಮೀಟರ್ ಹಚ್ಚಿದಾಗ ಎಷ್ಟು ಬಂತು ಇಲ್ಲೇ ಬರೀರಿ.