ಕ್ರೂಸ್ ಹಡಗಿನ ಸ್ಪೆಷಾಲಿಟಿ ರೆಸ್ಟೋರೆಂಟಲ್ಲಿ 7 ಜನಕ್ಕೆ ಟೇಬಲ್: ಮನೆಯಿಂದಲೇ ಬುಕ್ ಮಾಡಬೇಕಾ, ಹಡಗು ಹತ್ತಿದ ಮೇಲಾ?

ಕುವೆಂಪುನಗರ_ಮೈಸೂರು:

ದಸರಾ ರಜೆಗೆ ಸಿಂಗಪುರದಿಂದ 4 ರಾತ್ರಿಯ ಕ್ರೂಸ್, ರಾಯಲ್ ಕೆರಿಬಿಯನ್ ಕಂಪನಿಯದು. ಪಿನಾಂಗ್, ಫುಕೆಟ್, ಆಮೇಲೆ ಒಂದು ದಿನ ಪೂರ್ತಿ ಕಡಲಲ್ಲೇ. ಅಪ್ಪ, ಅಮ್ಮ, ನಾವಿಬ್ಬರು, ತಮ್ಮ, ಅವನ ಹೆಂಡತಿ, 7 ವರ್ಷದ ಮಗಳು. ಮೂರು ಕ್ಯಾಬಿನ್, ಮೂರು ಬುಕಿಂಗ್ ನಂಬರ್.

ಸ್ಪೆಷಾಲಿಟಿ ರೆಸ್ಟೋರೆಂಟಲ್ಲಿ (ಟಿಕೆಟ್ಟಲ್ಲಿ ಸೇರದ, ಬೇರೆ ದುಡ್ಡು ಕಟ್ಟಿ ಹೋಗೋ ಹೋಟೆಲ್) ಒಂದು ರಾತ್ರಿಯಾದರೂ ಎಲ್ಲರೂ ಒಟ್ಟಿಗೆ ಕೂತು ಊಟ ಮಾಡಬೇಕು ಅಂತ ಆಸೆ. ವೆಬ್‌ಸೈಟಲ್ಲಿ 7 ಜನ ಅಂತ ಹಾಕಿದ್ರೆ ಯಾವ ದಿನಕ್ಕೂ ಟೈಮ್ ತೋರಿಸ್ತಿಲ್ಲ. ಏಜೆಂಟ್ "ಹಡಗಲ್ಲೇ ಮಾಡ್ಕೊಳ್ಳಿ ಸಾರ್" ಅಂತಾರೆ. ಅನ್‌ಲಿಮಿಟೆಡ್ ಡೈನಿಂಗ್ ಪ್ಯಾಕೇಜ್ ಅಂತ ಒಂದು ಕಾಣಿಸ್ತಿದೆ, ಅದನ್ನ ತಗೊಂಡ್ರೆ ಟೇಬಲ್ ಗ್ಯಾರಂಟಿನಾ? ಅಮ್ಮ ಈರುಳ್ಳಿ ಬೆಳ್ಳುಳ್ಳಿ ಮುಟ್ಟಲ್ಲ. ಅಪ್ಪಂಗೆ ಶುಗರ್, ಊಟ ತಡ ಆಗೋ ಹಾಗಿಲ್ಲ. ತಮ್ಮ ಎಲ್ಲಾ ತಿಂತಾನೆ, ಅವನಿಗೆ ಸುಟ್ಟ ಮಾಂಸದ ಊಟಕ್ಕೆ ಹೆಸರಾದ ಸ್ಟೇಕ್‌ಹೌಸೇ ಬೇಕು.

ಒಂಟಿಕೊಪ್ಪಲು_ಓದುಗ:

ಪ್ಯಾಕೇಜ್ ಅಂದ್ರೆ ಊಟದ ದುಡ್ಡು ಮೊದಲೇ ಕಟ್ಟಿದ ಹಾಗೆ, ಅಷ್ಟೇ. ಟೇಬಲ್ ಕಾದಿರಿಸೋದು ಅದರಿಂದ ಪೂರ್ತಿ ಬೇರೆ ಕೆಲಸ. ಪ್ಯಾಕೇಜ್ ತಗೊಂಡವರಿಗೆ ಸಾಮಾನ್ಯವಾಗಿ ಮೊದಲ ಊಟದ ಸಮಯ ಮಾತ್ರ ನಮೂದಾಗಿರುತ್ತೆ. ಉಳಿದ ರಾತ್ರಿಗಳದ್ದನ್ನ ಹಡಗು ಹತ್ತಿದ ಮೇಲೆ ನೀವೇ ಕೇಳಿ ಹಾಕಿಸ್ಕೋಬೇಕು. ಒಂದೇ ರಾತ್ರಿ ಬೇಕಿರೋ ನಿಮಗೆ ಪ್ಯಾಕೇಜ್ ಬೇಡವೇ ಬೇಡ. ಕ್ರೂಸ್ ಪ್ಲಾನರ್‌ನಲ್ಲಿ (ಕಂಪನಿ ವೆಬ್‌ಸೈಟಲ್ಲಿ ಇಂಥವನ್ನ ಮೊದಲೇ ಕೊಳ್ಳೋ ಪುಟ) ಆ ಒಂದು ರೆಸ್ಟೋರೆಂಟನ್ನೇ ಬಿಡಿಯಾಗಿ ಕೊಂಡ್ರೆ ದಿನ, ಸಮಯ ಎರಡನ್ನೂ ಮನೆಯಲ್ಲೇ ಕೂತು ಆರಿಸ್ಕೋಬಹುದು. ತೋರಿಸೋ ಬೆಲೆಯ ಮೇಲೆ 18% ಗ್ರಾಚ್ಯುಟಿ (ಟಿಪ್ಸ್) ಸೇರುತ್ತೆ, ಲೆಕ್ಕ ಹಾಕುವಾಗ ಅದನ್ನ ಬಿಡಬೇಡಿ.

7 ಜನಕ್ಕೆ ಟೈಮ್ ತೋರಿಸದಿದ್ರೆ ಹೋಟೆಲ್ ತುಂಬಿದೆ ಅಂತಲೇ ತಿಳ್ಕೋಬೇಡಿ. ಈ ರೆಸ್ಟೋರೆಂಟ್‌ಗಳಲ್ಲಿ ಹೆಚ್ಚಿನವು ಇಬ್ಬರ, ನಾಲ್ವರ ಟೇಬಲ್‌ಗಳು. ದೊಡ್ಡ ಗುಂಪಿಗೆ ಅವನ್ನ ಜೋಡಿಸಿ ಕೊಡೋದು ಅಲ್ಲಿನ ಮ್ಯಾನೇಜರ್. ಹಾಗಾಗಿ 4 ಅಂತ ಒಂದು, 3 ಅಂತ ಇನ್ನೊಂದು, ಒಂದೇ ದಿನ, ಒಂದೇ ಸಮಯಕ್ಕೆ ಹುಡುಕಿ. ಎರಡೂ ಸಿಕ್ಕಿದ್ರೆ ತಕ್ಷಣ ಹಾಕಿಬಿಡಿ. ಹಡಗು ಹತ್ತಿದ ದಿನ ಮಧ್ಯಾಹ್ನ ಎಲ್ಲರೂ ಬಫೆ ಕಡೆ ಓಡ್ತಾರೆ, ನೀವು ಒಬ್ಬರು ನೇರ ಆ ರೆಸ್ಟೋರೆಂಟ್ ಬಾಗಿಲಿಗೆ ಹೋಗಿ. ಅಲ್ಲಿ ಬುಕಿಂಗ್ ತಗೊಳ್ಳೋಕೆ ಯಾರಾದ್ರೂ ನಿಂತಿರ್ತಾರೆ. ಎರಡೂ ಬುಕಿಂಗ್ ತೋರಿಸಿ, ಟೇಬಲ್ ಜೋಡಿಸಿ ಅಂತ ಕೇಳಿ. ಮೊದಲ ದಿನವೇ ಕೇಳಿದ್ರೆ ಮಾಡಿಕೊಡ್ತಾರೆ. ಊಟದ ದಿನ ಸಂಜೆ ಕೇಳಿದ್ರೆ ಪಕ್ಕದ ಟೇಬಲಲ್ಲಿ ಬೇರೆಯವರು ಕೂತಾಗಿರುತ್ತೆ.

ಮೂರು ಕ್ಯಾಬಿನ್ ಇರೋದರಿಂದ ಮೂರೂ ಬುಕಿಂಗನ್ನ ಲಿಂಕ್ ಮಾಡೋಕೆ ಏಜೆಂಟ್‌ಗೆ ಹೇಳಿ, ಇದು ಅವರ ಕೆಲಸವೇ. ಲಿಂಕ್ ಆಗಿದ್ರೆ ಒಂದೇ ಲಾಗಿನ್‌ನಿಂದ ಉಳಿದವರ ಹೆಸರನ್ನೂ ಊಟಕ್ಕೆ ಸೇರಿಸಬಹುದು.

ಲಾಗಿನ್ ವಿಷಯದಲ್ಲಿ ನಮ್ಮ ಕಡೆಯವರಿಗೆ ಒಂದು ತೊಡಕಿದೆ. ಬುಕಿಂಗ್ ಹುಡುಕೋಕೆ ಸರ್‌ನೇಮ್ ಕೇಳುತ್ತೆ. ನಮ್ಮಲ್ಲಿ ಎಷ್ಟೋ ಜನರ ಪಾಸ್‌ಪೋರ್ಟಲ್ಲಿ ಸರ್‌ನೇಮ್ ಜಾಗ ಖಾಲಿ, ಇಲ್ಲಾ ಅಪ್ಪನ ಹೆಸರು, ಇಲ್ಲಾ ಊರ ಹೆಸರು. ಏಜೆಂಟ್ ಟೈಪ್ ಮಾಡುವಾಗ ಇದ್ದ ಒಂದೇ ಹೆಸರನ್ನ ಎರಡೂ ಜಾಗದಲ್ಲಿ ಹಾಕಿರಬಹುದು. ಬುಕಿಂಗ್ ಸಿಗ್ತಿಲ್ಲ ಅಂತ ಬಂದ್ರೆ ನಂಬರ್ ತಪ್ಪು ಅಂತ ತಲೆ ಕೆಡಿಸ್ಕೋಬೇಡಿ. ಕನ್ಫರ್ಮೇಶನ್ ಹಾಳೆಯಲ್ಲಿ ಹೆಸರು ಹೇಗೆ ಅಚ್ಚಾಗಿದೆಯೋ ಹಾಗೇ, ಅಕ್ಷರಕ್ಕೆ ಅಕ್ಷರ ಹೊಡೀರಿ.

ಕಾವೇರಿತೀರ_ಮಂಡ್ಯ:

ದುಡ್ಡು ಕಟ್ಟೋ ಭಾಗ ನಾನು ಹೇಳ್ತೀನಿ. ಬೆಲೆ ಡಾಲರಲ್ಲಿ ಇದ್ರೆ ಅದು ವಿದೇಶಿ ವ್ಯವಹಾರ. 2020ರ ಆರ್‌ಬಿಐ ನಿಯಮದ ನಂತರ ಹೊಸ ಕಾರ್ಡುಗಳಲ್ಲಿ ವಿದೇಶಿ ಆನ್‌ಲೈನ್ ಬಳಕೆ ಆಫ್ ಆಗೇ ಬರುತ್ತೆ. ಬ್ಯಾಂಕ್ ಆ್ಯಪ್‌ಗೆ ಹೋಗಿ ಅದನ್ನ ಆನ್ ಮಾಡಿ, ಮಿತಿ ಏರಿಸಿ, ಆಮೇಲೆ ಕೊಳ್ಳೋಕೆ ಕೂರಿ. ಪೇಮೆಂಟ್ ಫೇಲ್ ಆಗೋದು ಹೆಚ್ಚಾಗಿ ಇಲ್ಲೇ. ಬಹಳಷ್ಟು ಕಾರ್ಡುಗಳಲ್ಲಿ 2ರಿಂದ 3.5% ಫಾರೆಕ್ಸ್ ಮಾರ್ಕಪ್ (ಡಾಲರ್ ಬದಲಿಸೋಕೆ ಬ್ಯಾಂಕ್ ಹಿಡಿಯೋ ಶುಲ್ಕ) ಇರುತ್ತೆ, ಆ ಮಾರ್ಕಪ್ ಮೇಲೆ 18% ಜಿಎಸ್‌ಟಿ ಬೇರೆ.

ಬೆಲೆ ಇಳಿದಾಗ ಹಳೇದನ್ನ ರದ್ದು ಮಾಡಿ ಮತ್ತೆ ಕೊಳ್ಳಿ ಅಂತ ವಿದೇಶದ ಯೂಟ್ಯೂಬ್ ವಿಡಿಯೋಗಳಲ್ಲಿ ಹೇಳ್ತಾರೆ. ಹಡಗು ಹೊರಡೋ ಮುಂಚೆ ರದ್ದು ಮಾಡಿದ್ರೆ ಹಣ ವಾಪಸ್ ಬರೋದು ನಿಜ. ಆದರೆ ಅದು ಡಾಲರ್ ಕಾರ್ಡಿನವರ ಲೆಕ್ಕ. ನಮಗೆ ಕೊಂಡ ದಿನದ ದರ ಒಂದು, ವಾಪಸ್ ಬಂದ ದಿನದ ದರ ಇನ್ನೊಂದು. ಮಾರ್ಕಪ್ ವಾಪಸ್ ಬರುತ್ತೆ ಅಂತ ನಂಬಿ ಕೂರಬೇಡಿ, ಹೊಸದಾಗಿ ಕೊಂಡಾಗ ಅದನ್ನ ಮತ್ತೆ ಕಟ್ಟಬೇಕು. ಜೊತೆಗೆ ರದ್ದು ಮಾಡಿದ ಕ್ಷಣ ನಿಮ್ಮ 4+3 ಟೇಬಲ್ ಬೇರೆಯವರ ಪಾಲಾಗಬಹುದು. ತಲೆಗೆ ನಾಲ್ಕೈದು ಡಾಲರ್ ಇಳಿದಿದೆ ಅಂತ ಕೈ ಹಾಕಬೇಡಿ. ಇಳಿತ ದೊಡ್ಡದಿದ್ದು, ಅದೇ ಸಮಯ ಇನ್ನೂ ಖಾಲಿ ತೋರಿಸ್ತಿದ್ರೆ ಮಾತ್ರ ಮಾಡಿ.

ಎಲ್ಲಾ ಪೇಮೆಂಟೂ ನೆಲದ ಮೇಲಿದ್ದಾಗಲೇ ಮುಗಿಸಿ. ಹಡಗು ದಡ ಬಿಟ್ಟ ಮೇಲೆ ಸಿಗ್ನಲ್ ಇಲ್ಲ, ಒಟಿಪಿ ಬರಲ್ಲ. ಫೋನ್ ಸಮುದ್ರದ ನೆಟ್‌ವರ್ಕ್ ಹಿಡ್ಕೊಂಡ್ರೆ ರೋಮಿಂಗ್ ಬಿಲ್ ಕೈ ಸುಡುತ್ತೆ. ಏರ್‌ಪ್ಲೇನ್ ಮೋಡಿಗೆ ಹಾಕಿ ವೈಫೈ ಮಾತ್ರ ಆನ್ ಇಡಿ. ರಾಯಲ್ ಕೆರಿಬಿಯನ್ ಆ್ಯಪ್ ಹಡಗಿನ ವೈಫೈ ಮೇಲೆ ಇಂಟರ್ನೆಟ್ ಪ್ಯಾಕ್ ಕೊಳ್ಳದೇ ನಡೆಯುತ್ತೆ, ಬುಕಿಂಗ್ ಅದರಲ್ಲೇ ನೋಡಬಹುದು. ಆ್ಯಪನ್ನ ಮೈಸೂರಲ್ಲೇ ಇಳಿಸಿಕೊಂಡು ಲಾಗಿನ್ ಆಗಿರಿ.

ಸರಸ್ವತಿಪುರಂ_ಅಡುಗೆ:

ಊಟದ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಟೇಬಲ್ ಸಿಕ್ಕಿ ಅಮ್ಮ ಖಾಲಿ ತಟ್ಟೆ ಮುಂದೆ ಕೂತ್ರೆ ಆ ಬುಕಿಂಗ್ ಯಾರಿಗೆ ಬೇಕು?

ಇಟಾಲಿಯನ್ ಅಂದ್ರೆ ಸಸ್ಯಾಹಾರಿಗಳಿಗೆ ಸಲೀಸು ಅಂತಾರೆ. ಈರುಳ್ಳಿ ಬೆಳ್ಳುಳ್ಳಿ ತಿನ್ನೋರಿಗೆ ಹೌದು. ನಿಮ್ಮ ಅಮ್ಮನಿಗಲ್ಲ. ಟೊಮ್ಯಾಟೊ ಸಾಸನ್ನ ಬೆಳಿಗ್ಗೆಯೇ ದೊಡ್ಡ ಪಾತ್ರೆಯಲ್ಲಿ ಬೆಳ್ಳುಳ್ಳಿ ಹಾಕಿ ಕುದಿಸಿಟ್ಟಿರ್ತಾರೆ, ಟೇಬಲ್ ಹತ್ರ ಕೂತು ಬೇಡ ಅಂದ್ರೆ ತೆಗೆಯೋಕಾಗಲ್ಲ. ಪಾರ್ಮೆಸಾನ್ ಚೀಸ್‌ಗೆ ಹಾಲು ಒಡೆಸೋಕೆ ಕರುವಿನ ಹೊಟ್ಟೆಯ ರೆನೆಟ್ ಬಳಸ್ತಾರೆ. ಪನ್ನಾಕೋಟಾ ಅನ್ನೋ ಸಿಹಿಯಲ್ಲಿ ಪ್ರಾಣಿ ಮೂಳೆ, ಚರ್ಮದಿಂದ ತೆಗೆದ ಜೆಲಟಿನ್ ಇರುತ್ತೆ. ಸೀಸರ್ ಸಲಾಡ್ ನೋಡೋಕೆ ಬರೀ ಸೊಪ್ಪು, ಮೇಲಿನ ಡ್ರೆಸಿಂಗಲ್ಲಿ ಆಂಚೊವಿ ಮೀನು. ಜಪಾನಿ ಕಡೆ ಮಿಸೋ ಸೂಪ್ ಸಸ್ಯಾಹಾರ ಅಂತ ಅನ್ನಿಸುತ್ತೆ, ಅದರ ದಾಶಿ ಸಾರು ಒಣಮೀನಿಂದ ಮಾಡಿದ್ದು. ತೆಪ್ಪನ್ಯಾಕಿಯಲ್ಲಿ ಒಂದೇ ಕಾವಲಿ ಮೇಲೆ ಸಿಗಡಿ, ಮಾಂಸ, ತರಕಾರಿ ಎಲ್ಲಾ ಹೊರಳುತ್ತೆ, ಅದಂತೂ ಬೇಡ.

ಅಚ್ಚರಿ ಅನ್ನಿಸಬಹುದು, ಇವೆಲ್ಲಕ್ಕಿಂತ ಸ್ಟೇಕ್‌ಹೌಸೇ ಮೇಲು. ಅಲ್ಲಿ ಪಲ್ಯಗಳನ್ನ ಬೇರೆ ಬೇರೆ ಬಟ್ಟಲಲ್ಲಿ ಆಗಾಗಲೇ ಮಾಡ್ತಾರೆ: ಬೇಯಿಸಿದ ಆಲೂಗಡ್ಡೆ, ಆಸ್ಪರಾಗಸ್, ಅಣಬೆ. ಬೆಣ್ಣೆ, ಉಪ್ಪು, ಮೆಣಸು ಮಾತ್ರ ಹಾಕಿ ಕೊಡಿ, ಬೇರೆ ಬಾಣಲೆಯಲ್ಲಿ ಮಾಡಿ ಅಂದ್ರೆ ಸುಲಭ. ತಮ್ಮನ ಆಸೆಯೂ ಅಲ್ಲೇ ತೀರುತ್ತೆ. ಒಂದು ದಿನ ಮುಂಚೆ ಹೇಳಿರಲೇಬೇಕು. ಊಟದ ಬುಕಿಂಗ್ ಮಾಡುವಾಗಲೂ ಬರೆಸಿ, ಬಾಗಿಲಿಗೆ ಹೋದಾಗಲೂ ಹೇಳಿ.

"ನೋ ಆನಿಯನ್, ನೋ ಗಾರ್ಲಿಕ್" ಅಂದ್ರೆ ಎಷ್ಟೋ ಅಡುಗೆಮನೆಗಳು ಅದನ್ನ ಅಲರ್ಜಿ ಅಂದ್ಕೊಂಡು ಬರೀ ಬೇಯಿಸಿದ ತರಕಾರಿ ಕೊಟ್ಟುಬಿಡ್ತವೆ. "ಜೈನ್ ಮೀಲ್" ಅನ್ನೋ ಪದ ಹಡಗಿನ ಅಡುಗೆಯವರಿಗೆ ಚೆನ್ನಾಗಿ ಗೊತ್ತು, ಅದನ್ನೇ ಹೇಳಿ. ಜೈನರ ಊಟದಲ್ಲಿ ಈರುಳ್ಳಿ ಬೆಳ್ಳುಳ್ಳಿ ಜೊತೆ ಆಲೂಗಡ್ಡೆಯೂ ಇರಲ್ಲ, ಆಲೂಗಡ್ಡೆ ತಿಂತೀವಿ ಅಂತ ಸೇರಿಸಿ ಹೇಳಿ. ಉಳಿದ ಮೂರು ರಾತ್ರಿಗೆ, ಟಿಕೆಟ್ಟಲ್ಲೇ ಊಟ ಬರೋ ಮೇನ್ ಡೈನಿಂಗ್ ರೂಮಲ್ಲಿ ಭಾರತೀಯ ಸಸ್ಯಾಹಾರ ಕೇಳಿದ್ರೆ ಸಿಗುತ್ತೆ. ಮೊದಲ ರಾತ್ರಿ ಹೆಡ್ ವೇಟರನ್ನ ಕರೆದು ಮರುದಿನದ್ದು ಹೇಳಿಡಿ. ಗ್ರೇವಿಯೂ ಮೊದಲೇ ಕುದಿಸಿಟ್ಟದ್ದೇ, ಅಮ್ಮನಿಗೆ ಬೇರೆ ಒಗ್ಗರಣೆ ಆಗಬೇಕು ಅಂದ್ರೆ ಅವರಿಗೂ ಒಂದು ದಿನ ಬೇಕು.

ಒಂಟಿಕೊಪ್ಪಲು_ಓದುಗ:

ಯಾವ ರಾತ್ರಿ ಅನ್ನೋದು ಉಳೀತು. ಮೊದಲ ರಾತ್ರಿ ಟೇಬಲ್ ಸುಲಭವಾಗಿ ಸಿಗುತ್ತೆ, ಕೆಲವೊಮ್ಮೆ ರಿಯಾಯಿತಿಯೂ ಕೊಡ್ತಾರೆ, ಯಾಕಂದ್ರೆ ಬಹಳ ಜನ ಆ ದಿನ ಟಿಕೆಟ್ಟಲ್ಲೇ ಬರೋ ಊಟಕ್ಕೆ ಹೋಗ್ತಾರೆ. ಆದರೆ ನೀವು ಮೈಸೂರಿಂದ ಬೆಂಗಳೂರು ಏರ್‌ಪೋರ್ಟಿಗೆ ಫ್ಲೈಬಸ್ ಹಿಡಿದು, ರಾತ್ರಿ ವಿಮಾನದಲ್ಲಿ ಬೆಳಿಗ್ಗೆ ಸಿಂಗಪುರ ಇಳಿದು, ಅದೇ ದಿನ ಹಡಗು ಹತ್ತೋದಾದ್ರೆ ಬೇಡ. ಮಗು ತಟ್ಟೆ ಮೇಲೆ ತೂಕಡಿಸುತ್ತೆ. ಜೈನ್ ಮೀಲ್‌ಗೆ ಒಂದು ದಿನ ಮುಂಚೆ ಹೇಳೋಕೂ ಆಗಲ್ಲ.

ಫುಕೆಟ್ ದಿನವೂ ಬೇಡ. ಅಲ್ಲಿನ ಪಟಾಂಗ್ ಬೀಚ್ ಹತ್ರ ದೊಡ್ಡ ಹಡಗುಗಳು ದಡಕ್ಕೆ ಬರಲ್ಲ, ದೂರ ಲಂಗರು ಹಾಕಿ ಸಣ್ಣ ದೋಣಿಯಲ್ಲಿ ಜನರನ್ನ ಸಾಗಿಸ್ತಾರೆ. ಸಂಜೆ ವಾಪಸ್ ಬರೋ ದೋಣಿಗೆ ಸಾಲು ಉದ್ದ ಇರುತ್ತೆ. ಇನ್ನೊಂದು ಅಪಾಯ ಗಡಿಯಾರದ್ದು. ಥಾಯ್ಲೆಂಡ್ ಸಮಯ ಸಿಂಗಪುರಕ್ಕಿಂತ 1 ಗಂಟೆ ಹಿಂದೆ. ಹಡಗು ಸಿಂಗಪುರದ ಸಮಯದಲ್ಲೇ ನಡೀತಿದ್ರೂ ದಡದ ಸಿಗ್ನಲ್ ಹಿಡಿದ ಫೋನ್ ತಾನಾಗೇ 1 ಗಂಟೆ ಹಿಂದಕ್ಕೆ ಹೋಗುತ್ತೆ. ಫೋನಲ್ಲಿ 5 ಗಂಟೆ, ಇನ್ನೂ ಹೊತ್ತಿದೆ ಅಂದ್ಕೊಂಡು ಕೂತಿರ್ತೀರಿ, ಹಡಗಲ್ಲಿ 6 ಆಗಿ ಟೇಬಲ್ ಹೋಗಿರುತ್ತೆ. ಹೋಗದೇ ಬಿಟ್ರೆ ಕಟ್ಟಿದ ದುಡ್ಡು ವಾಪಸ್ ಕೇಳೋ ಹಾಗಿಲ್ಲ. ಫೋನಿನ ಆಟೋಮ್ಯಾಟಿಕ್ ಸಮಯ ಆಫ್ ಮಾಡಿ, ಹಡಗಿನ ಗಡಿಯಾರ ಒಂದನ್ನೇ ನಂಬಿ.

ನಿಮಗೆ ಸರಿಯಾದದ್ದು ಕಡಲಲ್ಲೇ ಇರೋ ದಿನ. ಎಲ್ಲರಿಗೂ ಅದೇ ಬೇಕು, ಮೊದಲು ತುಂಬೋದೂ ಅದೇ. ಹಾಗಾಗಿ ಆ ದಿನದ್ದನ್ನ ಈಗಲೇ ಹಾಕಿ. ಏಜೆಂಟ್ ಹೇಳಿದ ಹಾಗೆ ಹಡಗು ಹತ್ತೋವರೆಗೆ ಕಾದ್ರೆ 5 ಗಂಟೆಗೋ 9 ಗಂಟೆಗೋ ಉಳಿದಿರುತ್ತೆ. ಅದು ಕೊನೇ ರಾತ್ರಿಯೂ ಆಗಿದ್ರೆ ಸೂಟ್‌ಕೇಸ್ ಬಾಗಿಲಾಚೆ ಇಡೋ ಕೆಲಸ ಇರುತ್ತೆ, ಪ್ಯಾಕಿಂಗ್ ಊಟಕ್ಕೆ ಮುಂಚೆ ಮುಗಿಸಿ.

ಕುವೆಂಪುನಗರ_ಮೈಸೂರು:

4+3 ಹುಡುಕಿದೆ. ಕಡಲ ದಿನಕ್ಕೆ ಅಲ್ಲಿನ ಸ್ಟೇಕ್‌ಹೌಸ್ ಚಾಪ್ಸ್ ಗ್ರಿಲ್‌ನಲ್ಲಿ 5:30ಕ್ಕೂ 7:30ಕ್ಕೂ ಎರಡೂ ಟೇಬಲ್ ತೋರಿಸ್ತಿದೆ! ಅಪ್ಪಂಗೆ ಶುಗರ್ ಅಲ್ವಾ, 5:30 ಹಾಕಿಬಿಡಲಾ?

ಸರಸ್ವತಿಪುರಂ_ಅಡುಗೆ:

7:30 ಹಾಕಿ. ಸಿಂಗಪುರ ನಮಗಿಂತ ಎರಡೂವರೆ ಗಂಟೆ ಮುಂದೆ. ಅಲ್ಲಿನ 5:30 ಅಂದ್ರೆ ಮೈಸೂರಿನ ಮಧ್ಯಾಹ್ನ 3. ನಾಲ್ಕೇ ದಿನದಲ್ಲಿ ಹೊಟ್ಟೆ ಹೊಸ ಸಮಯಕ್ಕೆ ಪೂರ್ತಿ ಹೊಂದಲ್ಲ, ಬಫೆ ತಿಂದು ಎದ್ದವರು ಆಗ ಏನು ತಿಂತಾರೆ? 7:30 ಅಂದ್ರೆ ನಮ್ಮ ಸಂಜೆ 5. ಅದೂ ಬೇಗವೇ, ಆದರೆ ನಮ್ಮ ಮಾಮೂಲಿ ಎಂಟೂವರೆ ಅಲ್ಲಿ ರಾತ್ರಿ 11, ಅಷ್ಟೊತ್ತಿಗೆ ಯಾವ ಸ್ಪೆಷಾಲಿಟಿಯೂ ತೆರೆದಿರಲ್ಲ. ಮಾತ್ರೆಯೋ ಇನ್ಸುಲಿನ್ನೋ, ಈ ಸಮಯದ ವ್ಯತ್ಯಾಸಕ್ಕೆ ಹೇಗೆ ಹೊಂದಿಸಬೇಕು ಅಂತ ಹೊರಡೋ ಮುಂಚೆ ನಿಮ್ಮ ಡಾಕ್ಟರನ್ನ ಕೇಳಿ ಬರೆಸಿಕೊಳ್ಳಿ.

ಆ ಊಟ ಒಂದೂವರೆಯಿಂದ ಎರಡು ಗಂಟೆ ಎಳೆಯುತ್ತೆ. ಒಂದು ಕೋರ್ಸ್ ಆಗಿ ಇನ್ನೊಂದು ಬರೋಕೆ 15–20 ನಿಮಿಷ. ಕೂತ ತಕ್ಷಣ ವೇಟರ್‌ಗೆ ಡಯಾಬಿಟಿಕ್ ಅಂತ ಹೇಳಿ ಅಪ್ಪನಿಗೆ ಬ್ರೆಡ್, ಸೂಪ್ ಮೊದಲೇ ತರಿಸಿ. ಊಟಕ್ಕೆ ಮುಂಚಿನ ಮಾತ್ರೆ ಇದ್ರೆ ಟೇಬಲ್‌ಗೆ ಬಂದ ಕೂಡಲೇ ನುಂಗಿಸಬೇಡಿ, ಮುಖ್ಯ ತಟ್ಟೆ ಬರೋಕೆ ಮುಕ್ಕಾಲು ಗಂಟೆಯೂ ಆಗಬಹುದು.

ಕಾವೇರಿತೀರ_ಮಂಡ್ಯ:

ಆ ರಾತ್ರಿ ಥಿಯೇಟರ್ ಶೋ ಇದ್ರೆ ಸಮಯ ಒಮ್ಮೆ ನೋಡ್ಕೊಳ್ಳಿ. 7:30ರ ಊಟ ಅಂದ್ರೆ ಮೊದಲ ಶೋಗೇ ಹೋಗಬೇಕು. ಚಡ್ಡಿ, ಹವಾಯಿ ಚಪ್ಪಲಿ ಹಾಕ್ಕೊಂಡು ಬಂದವರನ್ನ ಸ್ಟೇಕ್‌ಹೌಸ್ ಬಾಗಿಲಲ್ಲಿ ವಾಪಸ್ ಕಳಿಸಬಹುದು, ತಮ್ಮಂಗೆ ಹೇಳಿ. ಅಮ್ಮಂಗೆ ಮೈಸೂರು ಸಿಲ್ಕ್ ಸೀರೆ ಆದ್ರೆ ಅದಕ್ಕಿಂತ ಬೇಕಾ. ಒಳಗೆ ಎಸಿ ಜೋರು, ಒಂದು ಶಾಲೂ ಇಟ್ಕೊಳ್ಳಿ.